ಕೈಯ ಬ್ಯಾಂಡಿನ ಕ್ಯಾಲೊರಿ ಲೆಕ್ಕ ತಾಳೆ ಆಗ್ಲಿಲ್ಲ, ಆದ್ರೂ 5 ಕೆಜಿ ಇಳಿಯಿತು

ಮೊದಲೇ ಲೆಕ್ಕ ಹೇಳಿಬಿಡ್ತೇನೆ, ರಿವ್ಯೂ ಓದ್ಲಿಕ್ಕೆ ಬಂದವರಿಗೆ ಬೇಕಾದ್ದು ಅದೇ ಅಲ್ವಾ. 2024ರ ಅಕ್ಟೋಬರ್ 15ಕ್ಕೆ, ಹೆಜ್ಜೆ, ನಾಡಿ, ಕ್ಯಾಲೊರಿ ತೋರಿಸುವ ಫಿಟ್‌ನೆಸ್ ಬ್ಯಾಂಡ್ ಕೈಗೆ ಕಟ್ಟಿದಾಗ ನಾನು 84 ಕೆಜಿ. 2025ರ ಮೇ 15ಕ್ಕೆ 78 ಕೆಜಿ 600 ಗ್ರಾಮ್. 212 ದಿನದಲ್ಲಿ ಇಳಿದದ್ದು 5 ಕೆಜಿ 400 ಗ್ರಾಮ್. ಆದ್ರೆ ಅದೇ ಬ್ಯಾಂಡಿನ ಆ್ಯಪ್ ತೋರಿಸಿದ್ದನ್ನು ನಂಬಿದ್ರೆ ನಾನು ಇಷ್ಟೊತ್ತಿಗೆ 14 ಕೆಜಿ ಇಳಿದು ಪ್ಯಾಂಟೆಲ್ಲ ಟೈಲರಿಗೆ ಕೊಟ್ಟಾಗಿರಬೇಕಿತ್ತು. ನಾನು ಒಂದು ಸೇವಾ ಸಹಕಾರಿ ಬ್ಯಾಂಕಲ್ಲಿ ಕ್ಲಾರ್ಕ್, ಸಂಜೆ ಕ್ಯಾಶಿನಲ್ಲಿ ಮೂರು ರೂಪಾಯಿ ವ್ಯತ್ಯಾಸ ಬಂದ್ರೂ ಅದು ಸಿಗುವವರೆಗೆ ಮನೆಗೆ ಹೋಗದ ಜಾತಿ, ಹಾಗಾಗಿ ಮಧ್ಯದಲ್ಲಿ ಕಾಣೆಯಾದ ಈ 9 ಕೆಜಿ ನನ್ನನ್ನು ಬಿಡ್ಲೇ ಇಲ್ಲ.

ಕಂಪೆನಿ ಹೆಸರು ಹೇಳುದಿಲ್ಲ, ಕೇಳ್ಬೇಡಿ. 3,500 ರೂಪಾಯಿಯ ಆಸುಪಾಸಿನದ್ದು, ಹಬ್ಬದ ಸೇಲಲ್ಲಿ ಆನ್‌ಲೈನ್ ತಗೊಂಡದ್ದು.

ತಗೊಂಡದ್ದು ಯಾಕೆ ಅಂದ್ರೆ, ಅದರ ಹಿಂದಿನ ತಿಂಗಳು ಡಾಕ್ಟರು ಮೂರು ತಿಂಗಳ ಸರಾಸರಿ ಸಕ್ಕರೆ ನೋಡುವ ಆ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿದ್ರು, 6.1 ಬಂತು. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, 6.5 ಮುಟ್ಟಿದ್ರೆ ಸಕ್ಕರೆ ಕಾಯಿಲೆಯೇ. ನನ್ನ ಎತ್ತರ 168 ಸೆಂಟಿಮೀಟರ್, ವಯಸ್ಸು 46, ಎತ್ತರಕ್ಕೆ ತೂಕ ಸರಿಯಾ ಅಂತ ನೋಡುವ ಬಿಎಂಐ ಲೆಕ್ಕ ಹಾಕಿದ್ರೆ 29.8. ಬಿಳಿಯರ ಲೆಕ್ಕದಲ್ಲಿ 30 ಆದ್ರೆ ಬೊಜ್ಜು ಅಂತ, ಹಾಗಾಗಿ ನಾನು ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ ಅಂತ ಮನಸ್ಸಲ್ಲೇ ಖುಷಿಯಾಗಿದ್ದೆ, ಡಾಕ್ಟರು ನಗಾಡಿ ನಮ್ಮವರಿಗೆ 23 ದಾಟಿದ್ರೆ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು, ಗಂಡಸರ ಸೊಂಟ 90 ಸೆಂಟಿಮೀಟರ್ ದಾಟ್ಲಿಕ್ಕಿಲ್ಲ ಅಂದ್ರು. ನನ್ನದು 102. ಟೇಪ್ ಹಿಡಿದ ನರ್ಸ್ ಎರಡು ಸಲ ಅಳತೆ ಮಾಡಿದ್ರು, ಎರಡನೇ ಸಲ ನಾನು ಹೊಟ್ಟೆ ಒಳಗೆ ಎಳ್ಕೊಂಡಿದ್ದೆ, ಆದ್ರೂ 102 ಅಂತಲೇ ಬರೆದ್ರು.

ಪಾರ್ಸೆಲ್ ಬಂತು ಅಂದ್ರೆ ನಮ್ಮ ಮನೆಗೆ ಬರುದಿಲ್ಲ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಬಂದು, ಮತ್ತೆ ಕೆಳಗೆ ತೋಟದ ದಾರಿಯಲ್ಲಿ ಇಳಿಯಬೇಕು, ಕೊರಿಯರ್ ಹುಡುಗ ಮೇಲೆ ಜಂಕ್ಷನಿನ ಅಂಗಡಿಯಲ್ಲೇ ಇಟ್ಟು ಫೋನ್ ಮಾಡ್ತಾನೆ. ಬಿಚ್ಚಿ ಆ್ಯಪ್ ಹಾಕಿದ್ರೆ ಭಾಷೆ ಕೇಳಿತು. ಇಂಗ್ಲಿಷ್ ಉಂಟು, ಹಿಂದಿ ಉಂಟು, ಕನ್ನಡ ಇಲ್ಲ. ಊರು ಕಾಸರಗೋಡು ಅಂತ ಕೊಟ್ಟ ಮೇಲೆ ಆಫರಿನ ಮೆಸೇಜೆಲ್ಲ ಮಲಯಾಳದಲ್ಲಿ ಬರ್ಲಿಕ್ಕೆ ಶುರು. ಅದು ನಮಗೆ ಹೊಸತಲ್ಲ, ಬಸ್ಸಿನ ಬೋರ್ಡಿಂದ ರೇಷನ್ ಕಾರ್ಡಿನವರೆಗೆ ಓದಿ ಅಭ್ಯಾಸ ಉಂಟು, ಆದ್ರೆ ಇಷ್ಟು ಬುದ್ಧಿ ಇರುವ ಯಂತ್ರ ಅಂತ ಹೇಳ್ತಾರೆ, ಗಡಿಯಲ್ಲಿ ಎಂತ ಭಾಷೆ ಮಾತಾಡ್ತಾರೆ ಅಂತ ಗೊತ್ತಿಲ್ಲ ನೋಡಿ.

ಈಗ ಮುಖ್ಯ ವಿಷಯ. ಈ ಬ್ಯಾಂಡ್ ಕ್ಯಾಲೊರಿಯನ್ನು ಅಳೆಯುದೇ ಇಲ್ಲ. ಇದನ್ನು ಯಾರೂ ಬಾಕ್ಸಿನ ಮೇಲೆ ಬರೆಯುದಿಲ್ಲ. ಅದರ ಒಳಗೆ ಇರುದು ಕೈ ಅಲ್ಲಾಡಿದ್ದನ್ನು ಹಿಡಿಯುವ ಒಂದು ಸೆನ್ಸರ್, ಹಿಂದೆ ಚರ್ಮಕ್ಕೆ ತಾಗುವ ಕಡೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವಿನ ಏರಿಳಿತ ನೋಡಿ ನಾಡಿ ಎಣಿಸುವ ಇನ್ನೊಂದು. ಅಷ್ಟೇ. ಉಳಿದದ್ದೆಲ್ಲ ನಾವು ಕೊಟ್ಟ ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುದನ್ನು ಒಂದು ಸೂತ್ರಕ್ಕೆ ಹಾಕಿ ಮಾಡುವ ಅಂದಾಜು. ನಿಜವಾಗಿ ಅಳೆಯಬೇಕಾದ್ರೆ ಮುಖಕ್ಕೆ ಮಾಸ್ಕ್ ಕಟ್ಟಿ ಎಷ್ಟು ಆಮ್ಲಜನಕ ಒಳಗೆ ಹೋಯ್ತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು ಅಂತ ನೋಡ್ಬೇಕು, ಅದು ಲ್ಯಾಬಿನ ಕೆಲಸ.

ನನಗೆ ನಂಬಿಕೆ ಬರ್ಲಿಲ್ಲ, ಹಾಗಾಗಿ ಒಂದು ಆದಿತ್ಯವಾರ ಕೂತಲ್ಲೇ ಪರೀಕ್ಷೆ ಮಾಡಿದೆ. ಆ್ಯಪಿನಲ್ಲಿ ನನ್ನ ತೂಕವನ್ನು 84ರಿಂದ 100 ಅಂತ ತಿದ್ದಿದೆ. ಕುರ್ಚಿಯಿಂದ ಏಳ್ಲಿಲ್ಲ, ಚಾ ಲೋಟ ಕೂಡ ಕೆಳಗೆ ಇಡ್ಲಿಲ್ಲ, ಇಡೀ ದಿನದ ವಿಶ್ರಾಂತಿಯ ಕ್ಯಾಲೊರಿ ಸುಮಾರು 160 ಹೆಚ್ಚಾಯ್ತು. ಮತ್ತೆ ಗೊತ್ತಾಯ್ತು, 1990ರಲ್ಲಿ ಬಂದ ಮಿಫ್ಲಿನ್ ಸೇಂಟ್ ಜಿಯೋರ್ ಅಂತ ಒಂದು ಸೂತ್ರ ಉಂಟು: ತೂಕವನ್ನು ಹತ್ತರಿಂದ ಗುಣಿಸಿ, ಎತ್ತರವನ್ನು ಆರೂಕಾಲರಿಂದ ಗುಣಿಸಿ, ಎರಡನ್ನೂ ಕೂಡಿಸಿ ವಯಸ್ಸಿನ ಐದು ಪಟ್ಟು ಕಳೆದು, ಗಂಡಸಾದ್ರೆ ಐದು ಸೇರಿಸಿ. ನನಗೆ ಪೆನ್ನು ಹಿಡಿದು ಹಾಕಿದ್ರೆ 1,665 ಬಂತು. ಅಂದ್ರೆ ನಾನು ಇಡೀ ದಿನ ಚಾಪೆಯಲ್ಲಿ ಮಲಗಿದ್ರೂ 1,665 ಕ್ಯಾಲೊರಿ ಖರ್ಚಾಗ್ತದೆ. ಬ್ಯಾಂಡ್ ರಾತ್ರಿ ದೊಡ್ಡ ಅಕ್ಷರದಲ್ಲಿ ಇವತ್ತು 2,310 ಸುಟ್ಟಿದ್ದೀರಿ ಅಂತ ಪಟಾಕಿ ಹಾರಿಸಿ ತೋರಿಸ್ತದಲ್ಲ, ಅದರಲ್ಲಿ ಮುಕ್ಕಾಲು ಪಾಲು ನಾನು ಉಸಿರಾಡಿದ್ದಕ್ಕೆ ಸಿಕ್ಕಿದ ಸಂಬಳ. ನಡೆದದ್ದು, ಹತ್ತಿದ್ದು, ಇಳಿದದ್ದು ಎಲ್ಲ ಸೇರಿ ಬಾಕಿ ಚಿಲ್ಲರೆ.

ಹೆಜ್ಜೆ ಎಣಿಸುದರಲ್ಲಿ ಮಾತ್ರ ಪರವಾಗಿಲ್ಲ, ಅದನ್ನು ಹೇಳ್ಲೇಬೇಕು. ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ರಾಶಿಯಿಂದ ಹತ್ತು ಅಡಿಕೆ ಹೆಕ್ಕಿ ಎಡ ಕಿಸೆಗೆ ಹಾಕಿದೆ, ನೂರು ಹೆಜ್ಜೆ ಆದ ಕೂಡ್ಲೇ ಒಂದು ಅಡಿಕೆ ಬಲ ಕಿಸೆಗೆ. ಹೀಗೆ ಮೇಲಿನ ರಸ್ತೆಯಲ್ಲಿ ಸಾವಿರ ಹೆಜ್ಜೆ ಬಾಯಲ್ಲೇ ಎಣಿಸಿದೆ. ಎದುರು ಬಂದವರು ಮಾತಾಡಿಸಿದ್ರೆ ಲೆಕ್ಕ ತಪ್ತದೆ ಅಂತ ಕೈ ಮಾತ್ರ ಎತ್ತಿ ಮುಂದೆ ಹೋದೆ, ಒಬ್ಬರು ಮರುದಿನ ಬ್ಯಾಂಕಿಗೆ ಬಂದು ಎಂತ ಮಾರಾಯ್ರೆ ನಿನ್ನೆ ಜಪ ಮಾಡ್ತಾ ಹೋಗ್ತಿದ್ರಾ ಅಂತ ಕೇಳಿದ್ರು. ಬಲ ಕಿಸೆಯಲ್ಲಿ ಹತ್ತು ಅಡಿಕೆ ಆದಾಗ ಬ್ಯಾಂಡಲ್ಲಿ 984. ಸಪಾಟು ರಸ್ತೆಯಲ್ಲಿ ಕೈ ಬೀಸಿ ನಡೆದ್ರೆ ಸಾಧಾರಣ ಸರಿ.

ಆದ್ರೆ ನಮ್ಮ ಊರಲ್ಲಿ ಕೆಲಸ ಅಂದ್ರೆ ಕೈ ಬೀಸಿ ನಡೆಯುದು ಮಾತ್ರ ಅಲ್ಲ ಅಲ್ವಾ. ಫೆಬ್ರವರಿಯಲ್ಲಿ ಒಂದು ರಜೆ ದಿನ ಚಾಲಿ, ಅಂದ್ರೆ ಒಣಗಿದ ಅಡಿಕೆ, ಸುಲಿಯಲಿಕ್ಕೆ ಕೂತೆ. ಕತ್ತಿ ಎದುರು ಮಣೆ ಹಾಕಿ ಕೂತ್ರೆ ಕಾಲು ಅಲ್ಲಾಡುದೇ ಇಲ್ಲ, ಅಡಿಕೆಯನ್ನು ಕತ್ತಿಗೆ ಒತ್ತಿ ಮಣಿಕಟ್ಟು ತಿರುಗಿಸಿದ್ರೆ ಸಿಪ್ಪೆ ಬಿಡ್ತದೆ, ಒತ್ತು, ತಿರುಗಿಸು, ಬಿಸಾಡು, ಒತ್ತು, ತಿರುಗಿಸು, ಬಿಸಾಡು. ಒಂದು ಗಂಟೆ ಆದಾಗ ಬ್ಯಾಂಡ್ ನಡುಗಿ ಶಾಭಾಸ್ ಅಂತು, 1,340 ಹೆಜ್ಜೆ! ಕೂತಲ್ಲಿಂದ ಒಂದು ಗೇಣು ಕದಲ್ಲಿಲ್ಲ ನಾನು. ಅದೇ ದಿನ ಸಂಜೆ ಒಂಟಿ ಗಾಲಿಯ ಕೈಗಾಡಿಯಲ್ಲಿ ದನದ ಹಟ್ಟಿಯಿಂದ ತೋಟಕ್ಕೆ ಗೊಬ್ಬರ ಎಳೆದೆ, ಇಪ್ಪತ್ತು ಟ್ರಿಪ್, ಹೋಗುವಾಗ ಇಳಿಜಾರು, ಬರುವಾಗ ಏರು, ಬನಿಯನ್ ಹಿಂಡಿದ್ರೆ ನೀರು. ಗಾಡಿಯ ಹಿಡಿ ಗಟ್ಟಿ ಹಿಡಿದ ಕೈ ಅಲ್ಲಾಡ್ಲಿಲ್ಲ ಅಂತ ಅದಕ್ಕೆ ಬ್ಯಾಂಡ್ ಕೊಟ್ಟದ್ದು 210 ಹೆಜ್ಜೆ. ಆ ರಾತ್ರಿ ನನ್ನ ಸೊಂಟ ಹಿಡಿದದ್ದು ಅಡಿಕೆ ಸುಲಿದು ಅಲ್ಲ ಅಂತ ನನಗೆ ಗೊತ್ತುಂಟು, ಅದಕ್ಕೆ ಗೊತ್ತಿಲ್ಲ.

ಅಳಿಯ ಒಬ್ಬ ಚೆಂಡೆ ಕಲಿತಾನೆ. ಮಾವ ಒಮ್ಮೆ ಕೊಡಿ ಅಂತ ಕಟ್ಟಿಕೊಂಡು ಹೋದವ ವಾಪಸ್ ಬರುವಾಗ ನನ್ನ ಹೆಸರಲ್ಲಿ ಆರು ಸಾವಿರ ಹೆಜ್ಜೆ ಜಮಾ ಮಾಡಿ ತಂದಿದ್ದ. ಆ ದಿನದ ಟಾರ್ಗೆಟ್ ಮುಗಿದಿತ್ತು, ನಾನು ನಡೆಯುದು ಬಿಟ್ಟೆ. ತಪ್ಪು ಯಾರದ್ದು ಹೇಳಿ.

ಬೈಕಲ್ಲಿ ಹೊಂಡದ ರಸ್ತೆಯಲ್ಲಿ ಹೋದ್ರೂ ಹೆಜ್ಜೆ ಏರ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಹೆಚ್ಚು ಆಶ್ಚರ್ಯ ಆದದ್ದು ಆಡಿಟ್ ದಿನ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆಡಿಟರ್ ಎದುರು ಕುರ್ಚಿ, ಮೇಲೆ ಕರೆಂಟು ಹೋದ ಫ್ಯಾನು, ಏಪ್ರಿಲ್ ತಿಂಗಳ ಸೆಕೆ, ಒಂದು ಹಳೆ ಸಾಲದ ಫೈಲ್ ಕಾಣುದಿಲ್ಲ ಅಂತ ಮಂಡೆಬಿಸಿ. ನಾಡಿ 104ಕ್ಕೆ ಹೋಗಿತ್ತು. ಬ್ಯಾಂಡ್ ಎಂತ ತಿಳ್ಕೊಂಡಿತು ಅಂದ್ರೆ ಈ ಮನುಷ್ಯ ಭಾರೀ ವ್ಯಾಯಾಮ ಮಾಡ್ತಿದ್ದಾನೆ ಅಂತ, ಸಂಜೆಗೆ 400 ಕ್ಯಾಲೊರಿ ಹೆಚ್ಚು ಬರೆದಿತ್ತು. ಹೆದರಿಕೆಗೆ, ಸೆಕೆಗೆ, ಸ್ಟ್ರಾಂಗ್ ಕಾಫಿಗೆ ಎಲ್ಲ ನಾಡಿ ಏರ್ತದೆ, ಏರಿದ ನಾಡಿ ಎಲ್ಲ ಓಟ ಅಲ್ಲ. ಅದು ಹಾಗಿರ್ಲಿ, ಮಕ್ಕಳನ್ನು ಕರ್ಕೊಂಡು ಪೊಸಡಿ ಗುಂಪೆ ಗುಡ್ಡ ಹತ್ತಿದ ದಿನ ಉಲ್ಟಾ ಆಯ್ತು. ಇಂತಹ ಕಡಿಮೆ ಬೆಲೆಯ ಬ್ಯಾಂಡಿನಲ್ಲಿ ಗಾಳಿಯ ಒತ್ತಡ ನೋಡಿ ಎತ್ತರ ತಿಳಿಯುವ ಸೆನ್ಸರ್ ಇಲ್ಲ, ಮೇಲೆ ಹೋದಾಗ ಮೇಲೆ ಹೋದೆ ಅಂತ ಅದಕ್ಕೆ ಗೊತ್ತೇ ಆಗುದಿಲ್ಲ. ಬೆವರಿಗೆ ಪಟ್ಟಿ ಜಾರಿ ಕೆಳಗೆ ಬಂದಿತ್ತು, ಪಟ್ಟಿ ಸಡಿಲ ಆದ್ರೆ ಹಸಿರು ಬೆಳಕು ಹೊರಗೆ ಸೋರಿ ನಾಡಿಯೂ ತಪ್ಪು. ತುದಿಯಲ್ಲಿ ನಿಂತು ಏದುಸಿರು ಬಿಡ್ತಾ ನೋಡಿದ್ರೆ ನಾಡಿ 71 ಅಂತೆ. ಪಟ್ಟಿ ಇನ್ನೂ ಸ್ವಲ್ಪ ಕೆಳಗೆ ಜಾರಿದ್ರೆ ಸತ್ತೇ ಹೋದೆ ಅಂತ ಬರೆಯುತ್ತಿತ್ತೋ ಏನೋ.

ಇದೆಲ್ಲ ನನ್ನ ಬ್ಯಾಂಡಿನದ್ದು ಮಾತ್ರ ರೋಗವಾ ಅಂತ ಹುಡುಕಿದೆ. ಅಲ್ಲ. 2017ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನ ತಗೊಂಡು 60 ಜನರನ್ನು ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದ್ದಾರೆ. ನಾಡಿಯಲ್ಲಿ ಏಳರಲ್ಲಿ ಆರು ಸಾಧನದ ತಪ್ಪು ಶೇಕಡಾ 5ರ ಒಳಗೆ, ಅದು ಒಳ್ಳೇದೇ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೇದರ ಸರಾಸರಿ ತಪ್ಪೇ ಶೇಕಡಾ 27, ಎಲ್ಲಕ್ಕಿಂತ ಕೆಟ್ಟದ್ದು 93. ಅದರಲ್ಲಿ ನನ್ನ ಬ್ಯಾಂಡಿಗಿಂತ ತುಂಬ ಹೆಚ್ಚು ಬೆಲೆಯದ್ದೂ ಇತ್ತು. ನಮ್ಮ ಬ್ಯಾಂಕಲ್ಲಿ ನಾನು ಶೇಕಡಾ 27 ತಪ್ಪು ಲೆಕ್ಕ ಕೊಟ್ರೆ ಮರುದಿನ ತೋಟದಲ್ಲೇ ಕೆಲಸ.

ಅದಕ್ಕಿಂತ ಮೊದಲಿನ ಇನ್ನೊಂದು ಸಂಶೋಧನೆ ಓದಿ ನಾನು ನಿಜಕ್ಕೂ ಸುಮ್ಮನೆ ಕೂತೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರದ್ದು, 2016ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 18ರಿಂದ 35 ವರ್ಷದ 471 ಜನ, ಎರಡು ವರ್ಷ. ಎಲ್ಲರಿಗೂ ಮೊದಲ ಆರು ತಿಂಗಳು ಒಂದೇ ತರ ಊಟ ಕಡಿಮೆ, ನಡಿಗೆ ಹೆಚ್ಚು, ಗುಂಪಿನಲ್ಲಿ ಸಲಹೆ. ಮತ್ತೆ ಅರ್ಧ ಜನರಿಗೆ ತಮ್ಮ ಲೆಕ್ಕ ತಾವೇ ಇಡ್ಲಿಕ್ಕೆ ಹೇಳಿದ್ರು, ಇನ್ನರ್ಧ ಜನರಿಗೆ ತೋಳಿಗೆ ಕಟ್ಟುವ ಬಾಡಿಮೀಡಿಯಾ ಅನ್ನುವ ಪಟ್ಟಿ ಕೊಟ್ರು. ಅದು ನನ್ನದರ ಹಾಗೆ ಬರೀ ಅಲ್ಲಾಟ, ನಾಡಿ ನೋಡುವಂಥದ್ದಲ್ಲ, ಚರ್ಮದ ಬಿಸಿ, ಮೈಯಿಂದ ಹೊರಗೆ ಹೋಗುವ ಶಾಖ, ಬೆವರಿನಿಂದ ಚರ್ಮದಲ್ಲಾಗುವ ವ್ಯತ್ಯಾಸ ಎಲ್ಲ ನೋಡ್ತಿತ್ತು. ಎರಡು ವರ್ಷ ಕಳೆದಾಗ ಪಟ್ಟಿ ಇಲ್ಲದವರು ಸರಾಸರಿ 5.9 ಕೆಜಿ ಇಳಿದಿದ್ರು, ಪಟ್ಟಿ ಕಟ್ಟಿದವರು 3.5 ಕೆಜಿ. ಹೌದು, ಉಲ್ಟಾ ಅಲ್ಲ, ನಾನೂ ಎರಡು ಸಲ ಓದಿದೆ.

ಅದು ಯಾಕೆ ಹಾಗೆ ಅಂತ ಬೇರೆಯವರ ವಿಷಯ ನಾನು ಹೇಳ್ಲಿಕ್ಕಾಗುದಿಲ್ಲ, ನನ್ನದು ಹೇಳ್ತೇನೆ. ಮೊದಲ ಒಂದೂವರೆ ತಿಂಗಳು ನಾನು ಬ್ಯಾಂಡ್ ನೋಡಿ ತಿಂದೆ. ಸಂಜೆ ಬ್ಯಾಂಕ್ ಮುಗಿದ ಮೇಲೆ ಒಂದು ರೌಂಡ್ ನಡೆದು 350 ಕ್ಯಾಲೊರಿ ಅಂತ ಬಂದ ಕೂಡ್ಲೇ ಹೋಟ್ಲಿಗೆ ಹೋಗಿ, ಸಂಪಾದಿಸಿದ್ದೇನಲ್ಲ, ಒಂದು ಪ್ಲೇಟ್ ಗೋಳಿಬಜೆ ತಿಂದ್ರೆ ಎಂತ ಅಂತ. ಹೋಟ್ಲಿನವರಿಗೂ ಅಭ್ಯಾಸ ಆಗಿತ್ತು, ನಾನು ಕೈ ನೋಡ್ಕೊಂಡು ಒಳಗೆ ಬಂದ್ರೆ ಬಿಸಿದು ತೆಗೆದಿಡ್ತಿದ್ರು. ನವೆಂಬರ್ ಕೊನೆಗೆ ತೂಕ ನೋಡಿದ್ರೆ 84 ಕೆಜಿ 300. ಆ್ಯಪಿನ ಪ್ರಕಾರ ಎರಡು ಕೆಜಿ ಇಳಿದಿರಬೇಕಿತ್ತು, ಇದು 300 ಗ್ರಾಮ್ ಏರಿದೆ! ಹೆಂಡತಿ ಕೇಳಿದ್ಲು, "ನೀವು ಅದನ್ನು ಕಟ್ಟಿದ್ದು ತೂಕ ಇಳಿಸ್ಲಿಕ್ಕಾ, ತಿನ್ಲಿಕ್ಕೆ ಪರ್ಮಿಷನ್ ತಗೊಳ್ಲಿಕ್ಕಾ?"

ಆಮೇಲೆ ಒಂದು ರಾತ್ರಿ ಕೂತು ಸರಿಯಾಗಿ ಲೆಕ್ಕ ಹಾಕಿದೆ. ಸಾಧಾರಣ ವೇಗದ ನಡಿಗೆ ಅಂದ್ರೆ ಸುಮ್ಮನೆ ಕೂತದ್ದರ ಮೂರೂವರೆ ಪಟ್ಟು ಖರ್ಚು ಅಂತ ಲೆಕ್ಕ. 84 ಕೆಜಿಯವ 40 ನಿಮಿಷ ನಡೆದ್ರೆ ಒಟ್ಟು 196 ಕ್ಯಾಲೊರಿ, ಅದರಲ್ಲಿ ಹೇಗೂ ಕೂತಿದ್ರೂ ಖರ್ಚಾಗುವ 56 ಕಳೆದ್ರೆ ನಿಜವಾದ ಸಂಪಾದನೆ 140. ಒಂದು ದೊಡ್ಡ ಚಮಚ ತೆಂಗಿನೆಣ್ಣೆ ಸುಮಾರು 120. ಅಂದ್ರೆ ಬೆವರು ಸುರಿಸಿ 40 ನಿಮಿಷ ನಡೆದದ್ದಕ್ಕೆ ಸಿಕ್ಕಿದ್ದು ಒಂದು ಚಮಚ ಎಣ್ಣೆ ಮತ್ತೆ ಸ್ವಲ್ಪ. ಗೋಳಿಬಜೆ ಎಷ್ಟು ಎಣ್ಣೆ ಕುಡಿದಿರ್ತದೆ ಅಂತ ಅದನ್ನು ಪೇಪರಿನ ಮೇಲೆ ಇಟ್ಟು ನೋಡಿದವರಿಗೆ ಗೊತ್ತು.

ಹಾಗಾಗಿ ಡಿಸೆಂಬರಿನಿಂದ ಖರ್ಚಿನ ಕಡೆ ನೋಡುದು ಬಿಟ್ಟು ಜಮಾ ಕಡೆ ನೋಡ್ಲಿಕ್ಕೆ ಶುರು ಮಾಡಿದೆ. ಬ್ಯಾಂಡಿನ ಆ್ಯಪಿನಲ್ಲಿ ತಿಂದದ್ದು ಬರೆಯುವ ಜಾಗ ಉಂಟು, ಆದ್ರೆ ಅದರ ಪಟ್ಟಿಯಲ್ಲಿ ಪುಟ್ಟು ಉಂಟು, ಅಪ್ಪಂ ಉಂಟು, ಪಿಜ್ಜಾ ಹದಿನಾರು ತರದ್ದು ಉಂಟು, ನಮ್ಮ ಪತ್ರೊಡೆ ಇಲ್ಲ, ಕೊಟ್ಟಿಗೆ ಇಲ್ಲ, ಮೆಣಸ್ಕಾಯಿ ಇಲ್ಲ, ತಂಬುಳಿ ಅಂತ ಬರೆದ್ರೆ ಅದು ಎಂತದ್ದೋ ಸೂಪ್ ತೋರಿಸ್ತದೆ. ನೀರುದೋಸೆಗೆ ಒಂದಕ್ಕೆ ಎಷ್ಟು ಅಂತ ಒಂದು ಕಡೆ 60, ಇನ್ನೊಂದು ಕಡೆ 150. ಅದರಲ್ಲಿ ಹೊಡೆದಾಡುದು ಬಿಟ್ಟು 400 ರೂಪಾಯಿಯ ಒಂದು ಅಡುಗೆಮನೆ ತಕ್ಕಡಿ ತಂದೆ, ಬ್ಯಾಟರಿದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ 528 ಆಹಾರ ಪದಾರ್ಥಗಳ ಪಟ್ಟಿ ಮಾಡಿದ್ದಾರೆ, ನಮ್ಮ ದೇಶದ ಅಕ್ಕಿ, ಕಾಯಿ, ಸೊಪ್ಪುಗಳದ್ದೇ, ಅಂಥಾ ಪಟ್ಟಿ ಇಟ್ಟುಕೊಂಡು ಅಕ್ಕಿ ಎಷ್ಟು, ಕಾಯಿ ಎಷ್ಟು, ಎಣ್ಣೆ ಎಷ್ಟು ಅಂತ ಬಿಡಿ ಬಿಡಿಯಾಗಿ ಹಾಕಿದ್ರೆ ಸಾಕು, ಮೆಣಸ್ಕಾಯಿಯ ಹೆಸರು ಆ್ಯಪಿಗೆ ಗೊತ್ತಿರಬೇಕಂತ ಇಲ್ಲ.

ಮೊದಲ ದಿನ ಮಧ್ಯಾಹ್ನದ ನನ್ನ ಬಟ್ಟಲನ್ನು ತಕ್ಕಡಿಯಲ್ಲಿ ಇಟ್ಟೆ. ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಎರಡೇ ಸೌಟು ಅನ್ನ ಅಂತ. ಕುಚ್ಚಲಕ್ಕಿ ಅನ್ನ 480 ಗ್ರಾಮ್. ಸಾರು, ಪಲ್ಯ ಎಲ್ಲ ಬಿಟ್ಟು ಬರೀ ಅನ್ನವೇ ಸುಮಾರು 600 ಕ್ಯಾಲೊರಿ. ಸೌಟು ಎರಡೇ ನಿಜ, ಆದ್ರೆ ಅದು ಜಂಬ್ರದ, ಅಂದ್ರೆ ಸಮಾರಂಭದ, ಊಟಕ್ಕೆ ಬಡಿಸುವ ಸೈಜಿನ ಸೌಟು, ಅಜ್ಜನ ಕಾಲದ್ದು. ಮತ್ತೆ ಕಾಯಿ. ಒಂದು ಕಾಯಿ ತುರಿದು ತೂಗಿದ್ರೆ 210 ಗ್ರಾಮ್ ಬಂತು, ತುರಿ 100 ಗ್ರಾಮಿಗೆ 350ಕ್ಕೆ ಕಡಿಮೆ ಇಲ್ಲ, ಅಲ್ಲಿಗೆ ಒಂದು ಕಾಯಿ ಅಂದ್ರೆ 700 ದಾಟಿತು. ನಾವು ಮನೆಯಲ್ಲಿ ಐದು ಜನ, ದಿನಕ್ಕೆ ಎರಡು ಕಾಯಿ. ಬೆಳಿಗ್ಗೆ ಚಟ್ನಿಗೆ, ಮಧ್ಯಾಹ್ನ ಸಾಂಬಾರಿಗೆ, ಪಲ್ಯಕ್ಕೆ, ತಂಬುಳಿಗೆ. ತಲೆಗೆ ಸುಮಾರು 300 ಕ್ಯಾಲೊರಿ ಕಾಯಿಯಲ್ಲೇ ಹೋಗ್ತದೆ, ಅದು ಎಣ್ಣೆ ಬಿಟ್ಟು. ಅಮ್ಮನ ಹತ್ತಿರ ಒಂದು ಕಾಯಿ ಕಡಿಮೆ ಮಾಡುವ ಅಂದೆ. ಅಮ್ಮ ಹೆರೆಮಣೆಯಿಂದ ತಲೆ ಎತ್ತದೆ, "ಕಾಯಿಗೆ ರೇಟ್ ಬಂದದ್ದಕ್ಕಾ?" ಅಂತ ಕೇಳಿದ್ರು. ಹೌದು ಅಂದೆ. ಕ್ಯಾಲೊರಿ ಅಂತ ಹೇಳಿದ್ರೆ ಒಪ್ಪುತ್ತಿರ್ಲಿಲ್ಲ, ರೇಟ್ ಅಂದದ್ದಕ್ಕೆ ಒಪ್ಪಿದ್ರು.

ಚಾ ದಿನಕ್ಕೆ ಐದು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅದೂ ಒಟ್ಟು 50 ಗ್ರಾಮ್, 200 ಕ್ಯಾಲೊರಿ. ಅದನ್ನು ಅರ್ಧ ಚಮಚಕ್ಕೆ ಇಳಿಸಿದೆ, ಹದಿನೈದು ದಿನ ಕಷ್ಟ, ಆಮೇಲೆ ಬೇರೆಯವರ ಮನೆಯ ಚಾ ಪಾಯಸದ ಹಾಗೆ ಅನಿಸ್ಲಿಕ್ಕೆ ಶುರುವಾಯ್ತು. ಇಷ್ಟೇ ನಾನು ಮಾಡಿದ್ದು. ತೂಕ ಇಳಿಯಲಿಕ್ಕೆ ಶುರುವಾದದ್ದು ಡಿಸೆಂಬರ್ ಮೂರನೇ ವಾರದಿಂದ.

ಈಗ ಆ 9 ಕೆಜಿಗೆ ಬರುವ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ ಅಂತ ಎಲ್ಲರೂ ಹೇಳುವ ಲೆಕ್ಕ. ನಾನು ಇಳಿದ 5.4 ಕೆಜಿಗೆ 41,580, ಅದನ್ನು 212 ದಿನಕ್ಕೆ ಹಂಚಿದ್ರೆ ದಿನಕ್ಕೆ 196 ಕಡಿಮೆ ಆದದ್ದು. ಆ್ಯಪ್ ಸರಾಸರಿ ದಿನಕ್ಕೆ 520 ಕಡಿಮೆ ಅಂತ ತೋರಿಸಿದೆ. ವ್ಯತ್ಯಾಸ 324. ಇದರಲ್ಲಿ ಬ್ಯಾಂಡ್ ಹೆಚ್ಚು ಬರೆದದ್ದು ಎಷ್ಟು, ನಾನು ಕಡಿಮೆ ಬರೆದದ್ದು ಎಷ್ಟು ಅಂತ ಬಿಡಿಸ್ಲಿಕ್ಕೆ ಆಗುದಿಲ್ಲ, ಬ್ಯಾಂಕಲ್ಲಿ ಇಂಥದ್ದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೇವೆ. ಆದ್ರೆ ನನ್ನ ಕಡೆಯ ಕಳ್ಳಲೆಕ್ಕ ನಾನೇ ಒಪ್ಪಿಕೊಳ್ತೇನೆ. ಗೃಹಪ್ರವೇಶ, ಉಪನಯನ, ಮದುವೆಯ ಊಟ ಒಂದನ್ನೂ ನಾನು ಬರೆದದ್ದಿಲ್ಲ, ಹೋಳಿಗೆಗೆ ಕಾಯಿಹಾಲು ಹಾಕಿಸಿಕೊಂಡು ಎಡಗೈಯಲ್ಲಿ ಫೋನ್ ತೆಗೆದು ಬರೆಯುವಷ್ಟು ನಾಚಿಕೆ ಬಿಟ್ಟಿಲ್ಲ. ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲ ವಾರದವರೆಗೆ ಮಧೂರಿನ ಗಣಪತಿ ದೇವಸ್ಥಾನದಲ್ಲಿ ಬ್ರಹ್ಮಕಲಶ, ಮತ್ತೆ ಅಪ್ಪ ಅನ್ನುವ ಸಿಹಿತಿಂಡಿಯಿಂದ ಗಣಪತಿಯನ್ನು ಮುಚ್ಚುವ ಮೂಡಪ್ಪ ಸೇವೆ. ಇಡೀ ಸೀಮೆಯೇ ಅಲ್ಲಿ ಇತ್ತು, ನಾನು ಮೂರು ದಿನ ಸ್ವಯಂಸೇವಕನಾಗಿ ಹೋಗಿ ಬ್ಯಾಂಡಿನಲ್ಲಿ ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ ಮಾಡಿದೆ, ಮನೆಗೆ ಬರುವಾಗ ಮಾತ್ರ ಅರ್ಧ ಕೆಜಿ ಏರಿತ್ತು. ಮಧೂರಿನ ಅಪ್ಪ ತುಪ್ಪದಲ್ಲಿ ಬೆಂದದ್ದು, ಪ್ರಸಾದಕ್ಕೆ ಕ್ಯಾಲೊರಿ ಲೆಕ್ಕ ಹಾಕ್ಲಿಕ್ಕಿಲ್ಲ ಅಂತ ನನ್ನ ನಂಬಿಕೆ, ತಕ್ಕಡಿಯದ್ದು ಬೇರೆ ನಂಬಿಕೆ. ಏಪ್ರಿಲ್, ಮೇ ಅಂದ್ರೆ ಹಲಸು. ಹಲಸಿನ ಚಿಪ್ಸ್ ಡಬ್ಬದ ಹತ್ತಿರ ಹೋಗಿ ಬರುವ ಹೆಜ್ಜೆ ಬ್ಯಾಂಡ್ ಎಣಿಸ್ತದೆ, ಕೈ ಒಳಗೆ ಹೋದದ್ದು ಎಣಿಸುದಿಲ್ಲ.

ಇನ್ನೊಂದು ಸಣ್ಣ ವಿಷಯ, ತೂಕ ಇಳಿದ ಹಾಗೆ ಖರ್ಚೂ ಇಳೀತದೆ. 78.6 ಕೆಜಿಗೆ ಅದೇ ಸೂತ್ರದಲ್ಲಿ ನನ್ನ ಮಲಗಿದ ಖರ್ಚು 1,611. ಐವತ್ತು ಹೋಯ್ತು. ಆ್ಯಪಿನಲ್ಲಿ ಹೊಸ ತೂಕ ನಾವೇ ಹಾಕ್ಬೇಕು, ನಾನು ಮಾರ್ಚ್‌ವರೆಗೆ ಹಾಕದೆ ಮರೆತಿದ್ದೆ, ಅದು ಹಳೆ 84 ಕೆಜಿಯವನಿಗೇ ಸಂಬಳ ಕೊಡ್ತಾ ಇತ್ತು.

ಹಾಗಾದ್ರೆ ಬ್ಯಾಂಡ್ ದಂಡವಾ ಅಂತ ಕೇಳಿದ್ರೆ, ಇಲ್ಲ. ಒಂದು ಗಂಟೆ ಕುರ್ಚಿ ಬಿಡದಿದ್ರೆ ನಡುಗ್ತದೆ, ಕೌಂಟರಲ್ಲಿ ಜನ ಇದ್ರೂ ನಾನು ಎದ್ದು ಸ್ಟ್ರಾಂಗ್‌ರೂಮಿನವರೆಗೆ ಹೋಗಿ ಬರ್ತೇನೆ, ಮ್ಯಾನೇಜರಿಗೂ ಈಗ ಅಭ್ಯಾಸ ಆಗಿದೆ. ಮೊದಲು ದಿನಕ್ಕೆ 3,200 ಹೆಜ್ಜೆ ಇದ್ದದ್ದು ಈಗ 8,000ದ ಹತ್ತಿರ. ಹತ್ತು ಸಾವಿರವೇ ಬೇಕು ಅಂತ ಹಟ ಹಿಡೀಬೇಡಿ, ಅದು 1965ರಲ್ಲಿ ಜಪಾನಿನ ಒಂದು ಕಂಪೆನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮೀಟರಿಗೆ ಮಾನ್ಪೋಕೆ, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಹೆಸರಿಟ್ಟು ಮಾರಿದ್ದರಿಂದ ಬಂದ ಸಂಖ್ಯೆ, ಡಾಕ್ಟರು ಬರೆದ ಚೀಟಿ ಅಲ್ಲ. ಬೆಳಿಗ್ಗೆ ಏಳುವ ಮೊದಲಿನ ನಾಡಿ 82 ಇದ್ದದ್ದು 74ಕ್ಕೆ ಬಂತು, ಇದನ್ನು ನಾನು ನಂಬ್ತೇನೆ, ಯಾಕಂದ್ರೆ ಬೆರಳು ಇಟ್ಟು ಗಡಿಯಾರ ನೋಡಿ ಎಣಿಸಿದ್ರೂ ಅಷ್ಟೇ ಬರ್ತದೆ. ಸೊಂಟ 96. ಎಚ್‌ಬಿಎ1ಸಿ 5.8. ಬ್ಯಾಟರಿ ಏಳು ದಿನ ಅಂತ ಬರೆದದ್ದು ಆರು ದಿನ ಬರ್ತದೆ, ಗುಡುಗು ಬಂದು ಎರಡು ದಿನ ಕರೆಂಟು ಹೋಗುವ ಊರಿಗೆ ಅದು ಸಾಕು. ನಿದ್ರೆಯ ಲೆಕ್ಕ ನಂಬ್ಬೇಡಿ, ಇಡೀ ರಾತ್ರಿ ಯಕ್ಷಗಾನದ ಆಟ ನೋಡ್ಲಿಕ್ಕೆ ಕುರ್ಚಿಯಲ್ಲಿ ಕೂತಿದ್ದೆ, ನಾಲ್ಕು ಗಂಟೆ ಒಳ್ಳೆ ನಿದ್ರೆ ಅಂತ ಬರೆದಿತ್ತು. ಮಧ್ಯದಲ್ಲಿ ಅರ್ಧ ಗಂಟೆ ತೂಕಡಿಸಿದ್ದು ಒಪ್ತೇನೆ.

ಕಿರಿಕಿರಿ ಆದದ್ದು ಪಟ್ಟಿ. ರಬ್ಬರಿನದ್ದು, ನಮ್ಮ ಸೆಕೆಗೆ ಒಳಗೆ ಬೆವರು ನಿಂತು ಎರಡನೇ ವಾರದಲ್ಲೇ ಕೈ ಕೆಂಪಾಗಿ ತುರಿಕೆ. ಸ್ನಾನದ ಮೇಲೆ ಒರೆಸಿ ಒಣಗಿಸಿ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿ, ದಿನಕ್ಕೆ ಸ್ವಲ್ಪ ಹೊತ್ತು ಬಿಚ್ಚಿಟ್ಟ ಮೇಲೆ ಸರಿಯಾಯ್ತು. ಏಪ್ರಿಲಲ್ಲಿ ಅದೇ ಪಟ್ಟಿ ಬಕಲಿನ ಹತ್ತಿರ ತುಂಡಾಯ್ತು, ವಾರಂಟಿ ಉಂಟು. ಫೋನ್ ಮಾಡಿದೆ. ನಿಮ್ಮ ರಾಜ್ಯದ ಸರ್ವಿಸ್ ಸೆಂಟರ್ ಎರ್ನಾಕುಳದಲ್ಲಿ ಅಂದ್ರು. ನಾನು ಹೇಳಿದೆ, ನೋಡಿ ಅಮ್ಮಾ, ಕಾಸರಗೋಡಿನಿಂದ ಮಂಗ್ಳೂರು 50 ಕಿಲೋಮೀಟರ್, ಎರ್ನಾಕುಳ 400ರ ಹತ್ತಿರ, ಮಂಗ್ಳೂರಿನಲ್ಲಿ ನಿಮ್ಮ ಸೆಂಟರ್ ಉಂಟಲ್ಲ, ಅಲ್ಲಿ ಕೊಡ್ತೇನೆ. ಅದು ಬೇರೆ ರಾಜ್ಯ ಸಾರ್, ಪಿನ್‌ಕೋಡ್ ತಗೊಳ್ಳುದಿಲ್ಲ ಅಂದ್ರು. ಮಗಳು ಓದುದು ಮಂಗ್ಳೂರಲ್ಲಿ, ಆಸ್ಪತ್ರೆಗೆ ಹೋಗುದು ಮಂಗ್ಳೂರಿಗೆ, ಮದುವೆ ಜವಳಿ ತರುದು ಮಂಗ್ಳೂರಿಂದ, 200 ರೂಪಾಯಿಯ ರಬ್ಬರ್ ಪಟ್ಟಿಗೆ ಮಾತ್ರ ಎರ್ನಾಕುಳ. ಈ ವಿಷಯಕ್ಕೆ ಒಂದೇ ಸ್ಟಾರ್.

ತಗೊಳ್ಬೇಕಾ ಬೇಡ್ವಾ? ನಡೆಯುವ ಅಭ್ಯಾಸ ಇಲ್ಲ, ಯಾರಾದ್ರೂ ಬೆನ್ನು ತಟ್ಟಿ ಏಳಿಸ್ಬೇಕು ಅನ್ನುವ ನನ್ನಂಥ ಕುರ್ಚಿಯವರು ತಗೊಳ್ಳಿ, ಆದ್ರೆ ಕ್ಯಾಲೊರಿ ತೋರಿಸುವ ಆ ಪುಟವನ್ನು ಸೆಟ್ಟಿಂಗಲ್ಲಿ ಅಡಗಿಸಿಡಿ, ಅದನ್ನು ನೋಡಿ ಒಂದು ತುತ್ತೂ ಹೆಚ್ಚು ತಿನ್ಬೇಡಿ. ದಿನಾ ತೋಟದಲ್ಲಿ ಮೈ ಬಗ್ಗಿಸುವವರಿಗೆ ಇದು ಬೇಡವೇ ಬೇಡ, ನಿಮ್ಮ ಕೆಲಸ ಇದಕ್ಕೆ ಕಾಣುದಿಲ್ಲ. ಎರಡರಲ್ಲಿ ಒಂದೇ ತಗೊಳ್ಲಿಕ್ಕೆ ದುಡ್ಡಿರುದು ಅಂತಾದ್ರೆ 400 ರೂಪಾಯಿಯ ತಕ್ಕಡಿ ತಗೊಳ್ಳಿ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ, ತಲೆ ತಿರುಗಿ ಬಿದ್ರೆ ಬ್ಯಾಂಡ್ ಅದನ್ನೂ ಎರಡು ಹೆಜ್ಜೆ ಅಂತ ಬರೆದೀತು.

ಪಟ್ಟಿ ಕೊನೆಗೆ ಕಾಸರಗೋಡು ಬಸ್ಸ್ಟ್ಯಾಂಡಿನ ಹತ್ತಿರ ಮೊಬೈಲ್ ಕವರ್ ಮಾರುವ ಹುಡುಗನ ಹತ್ತಿರ 150ಕ್ಕೆ ಸಿಕ್ಕಿತು. ಕಪ್ಪು ಉಂಟಾ ಕೇಳಿದೆ, ಮುಗಿದಿದೆ ಅಂದ, ಇದ್ದದ್ದು ಒಂದೇ, ನೇರಳೆ ಬಣ್ಣದ್ದು. ಕೌಂಟರಲ್ಲಿ ಹಣ ಎಣಿಸುವಾಗ ಎಲ್ಲರೂ ಈಗ ನೋಟು ಬಿಟ್ಟು ನನ್ನ ಕೈಯನ್ನೇ ನೋಡ್ತಾರೆ.